ಬೋರ್ಡಿನ ಮ್ಯಾಲಿನ ಚರಿತ್ರೆ

ಮುಂಡರಗಿ ತಾಲೂಕಿನ ಸಿಂಗಟಾಲೂರಿನಿಂದ ಮಾತಾಡ್ತಿದ್ದೀನಿ. ಬ್ರಿಟಿಷರ ಕಾಲಕ್ಕೆ ತುಂಗಭದ್ರೆಯ ಈ ದಂಡಿ, ಅಂದ್ರ ಮುಂಡರಗಿ, ಗದಗ ಕಡೆ, ಮುಂಬೈ ಪ್ರಾಂತ್ಯ. ಆ ದಂಡಿ ಹೂವಿನಹಡಗಲಿ ಮದ್ರಾಸ್ ಪ್ರಾಂತ್ಯ. 1956ರಲ್ಲಿ ಎಲ್ಲಾ ಒಂದೇ ರಾಜ್ಯ ಆಯ್ತು. ಆದ್ರ ಮುಂಬೈ ಪ್ರಾಂತ್ಯದ ಗುರುತು ನಮ್ಮ ಬೋರ್ಡುಗಳ ಮ್ಯಾಲೆ ಇನ್ನೂ ಐತಿ.

ಮರಾಠಿಯಿಂದ ಬಂದ ಖಾನಾವಳಿ, ಕಿರಾಣಿ ಅನ್ನೋ ಪದ ನೋಡ್ರಿ. ಗದಗದಾಗ ಟಾಂಗಾ ಓಡೋದು ನಿಂತ ಮ್ಯಾಲೂ ಟಾಂಗಾಕೂಟ ಅನ್ನೋ ಹೆಸರು ನಿಂತಿಲ್ಲ. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ರಸ್ತೆ 1903ರಿಂದ 1907ರವರೆಗೆ ಮುಂಬೈ ಗವರ್ನರ್ ಆಗಿದ್ದವರ ಹೆಸರು ಹೊತ್ತೈತಿ. ಸಾಹೇಬರ ಹೆಸರೂ, ಟಾಂಗಾದವರ ನೆನಪೂ ನಮ್ಮ ಬಾಯಾಗ ಒಂದೇ ಸಮ!

ಬೋರ್ಡಿನಾಗ ಶೇ. 60ರಷ್ಟು ಕನ್ನಡ ಇರಬೇಕಂತ 2024ರಲ್ಲಿ ಕಾನೂನು ಬಂತು. ಒಳ್ಳೇದೇ. ಆದರೆ ಹೊಸ ಫ್ಲೆಕ್ಸ್ ಹಾಕೋ ಅವಸರದಾಗ, ಪೇಂಟರ್ ಕುಂಚದಿಂದ ಬರೆದ ದುಂಡನೆಯ ಕನ್ನಡಾನೇ ಮುಚ್ಚಿಹೋದ್ರೆ ಹೆಂಗ? ಖಾನಾವಳಿ ಹೋಗಿ ಕನ್ನಡ ಲಿಪಿಯಾಗ ‘ಫ್ಯಾಮಿಲಿ ರೆಸ್ಟೋರೆಂಟ್’ ಬಂದ್ರೆ ಅಕ್ಷರ ಉಳೀತು, ಮಾತು ಹೋಯ್ತು.

ಅಂಗಡಿ ಮಾಲಕರೇ, ಹಳೇ ಬೋರ್ಡು ಇಳಿಸೋ ಮೊದಲು ಒಂದು ಫೋಟೋ ತೆಗೀರಿ. ಆದ್ರೆ, ಅದೇ ಮಾತನ್ನ ಪೇಂಟರ್ ಕೈಲೇ ಮತ್ತ ಬರೆಸ್ರಿ. ಆ ಕೈಗೂ ಕೆಲಸ ಸಿಗ್ಲಿ.