ಚಾರ್ಲ್ಸ್ ಬರ್ನ್ ಯಾಕೆ ಅಷ್ಟು ಎತ್ತರ ಬೆಳೆದ?

1782ರಲ್ಲಿ ಐರ್ಲೆಂಡಿನಿಂದ ಲಂಡನ್ನಿಗೆ ಒಬ್ಬ ಯುವಕ ಬಂದ. ಹೆಸರು ಚಾರ್ಲ್ಸ್ ಬರ್ನ್. ಎತ್ತರ ಸುಮಾರು 7 ಅಡಿ 7 ಅಂಗುಲ. ನಮ್ಮ ಮನೆಗಳ ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರಲು ಅವನಿಂದ ಆಗುತ್ತಿರಲಿಲ್ಲ. ಜನ ದುಡ್ಡು ಕೊಟ್ಟು ಅವನನ್ನು ನೋಡಿ ಹೋದರು. ಅವನಿಗೆ ಕಾಯಿಲೆ ಇದೆ ಎಂದು ಯಾರಿಗೂ ತಿಳಿಯಲಿಲ್ಲ. ಮರುವರ್ಷವೇ, 22ನೇ ವಯಸ್ಸಿಗೆ ಆತ ತೀರಿಕೊಂಡ.

ಕಾಯಿಲೆ ಇದ್ದದ್ದು ಕಾಲಿನಲ್ಲಲ್ಲ, ತಲೆಯೊಳಗೆ. ನಿಮ್ಮ ಎರಡು ಹುಬ್ಬುಗಳ ನಡುವೆ, ಮೂಗಿನ ಬುಡದಲ್ಲಿ ಬೆರಳಿಡಿ. ಅಲ್ಲಿಂದ ಹಿಂದಕ್ಕೆ, ಮಿದುಳಿನ ಕೆಳಗೆ, ಮೂಳೆಯಲ್ಲೊಂದು ಪುಟ್ಟ ಗುಂಡಿ ಇದೆ. ಅದರಲ್ಲಿ ಕೂತಿರುವುದು ಬಟಾಣಿ ಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ. ತೂಕ ಅರ್ಧ ಗ್ರಾಂ ಆಸುಪಾಸು. ಇದು ಹಲವು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಅವುಗಳಲ್ಲಿ ಒಂದು ಬೆಳವಣಿಗೆಯ ಹಾರ್ಮೋನು. ನೀವು ಗಾಢ ನಿದ್ದೆಯಲ್ಲಿರುವಾಗ ಅದು ಹೆಚ್ಚಾಗಿ ಹೊರಬರುತ್ತದೆ.

ಮಕ್ಕಳ ಉದ್ದ ಮೂಳೆಗಳ ತುದಿಯ ಹತ್ತಿರ ಮೆದುವಾದ ಒಂದು ಪದರ ಇರುತ್ತದೆ. ಬೆಳವಣಿಗೆಯ ಹಾರ್ಮೋನಿನ ಪ್ರಭಾವದಿಂದ ಅಲ್ಲಿ ಹೊಸ ಮೂಳೆ ಕೂಡುತ್ತಾ ಹೋಗುತ್ತದೆ, ನೀವು ಎತ್ತರವಾಗುತ್ತೀರಿ. ಹದಿಹರೆಯ ಮುಗಿಯುವ ಹೊತ್ತಿಗೆ ಆ ಪದರವೂ ಗಟ್ಟಿಯಾಗಿ ಮೂಳೆಯೇ ಆಗಿಬಿಡುತ್ತದೆ, ಎತ್ತರ ನಿಲ್ಲುತ್ತದೆ. ಬರ್ನ್‌ನ ಪಿಟ್ಯುಟರಿಯಲ್ಲಿ ಚಿಕ್ಕಂದಿನಲ್ಲೇ ಒಂದು ಗಡ್ಡೆ ಹುಟ್ಟಿ, ಹಾರ್ಮೋನನ್ನು ಮಿತಿಮೀರಿ ಸುರಿಸತೊಡಗಿತ್ತು. ಇಂಥ ಗಡ್ಡೆ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಆದರೂ ದೊಡ್ಡದಾದರೆ ಮೇಲೆ ಹಾದುಹೋಗುವ ಕಣ್ಣಿನ ನರಗಳನ್ನು ಒತ್ತಿ, ಅಕ್ಕಪಕ್ಕದ ನೋಟವನ್ನು ಮಸುಕು ಮಾಡಬಲ್ಲದು.

ದೊಡ್ಡವರಲ್ಲಿ ಇದೇ ತೊಂದರೆ ಬಂದರೆ ಅವರು ಎತ್ತರವಾಗುವುದಿಲ್ಲ. ಕೈ, ಪಾದ, ದವಡೆ ದಪ್ಪಗಾಗುತ್ತವೆ. ಉಂಗುರ ಬಿಗಿಯುತ್ತದೆ, ಚಪ್ಪಲಿಯ ಅಳತೆ ಏರುತ್ತದೆ. ಬದಲಾವಣೆ ಎಷ್ಟು ನಿಧಾನವೆಂದರೆ ಮನೆಯವರಿಗೂ ವರ್ಷಗಟ್ಟಲೆ ಗೊತ್ತಾಗದೆ ಹೋಗಬಹುದು.

ಹಾರ್ಮೋನು ಕಡಿಮೆಯಾದರೆ? ಫುಟ್‌ಬಾಲ್ ಆಟಗಾರ ಲಿಯೊನೆಲ್ ಮೆಸ್ಸಿ ನಿಮಗೆ ಗೊತ್ತಲ್ಲ. ಅರ್ಜೆಂಟೀನಾದ ರೊಸಾರಿಯೊ ಊರಿನಲ್ಲಿ ಹುಡುಗನಾಗಿದ್ದಾಗ ಅವರಿಗೆ ಈ ಹಾರ್ಮೋನಿನ ಕೊರತೆ ಇರುವುದು ಪತ್ತೆಯಾಯಿತು. ಹಾರ್ಮೋನನ್ನೇ ಇಂಜೆಕ್ಷನ್ ಆಗಿ ತೆಗೆದುಕೊಂಡು ಬೆಳೆದರು. ಆದರೆ ಗಿಡ್ಡಗಿರುವ ಮಕ್ಕಳಿಗೆಲ್ಲ ಇದೇ ತೊಂದರೆ ಎಂದು ತಿಳಿಯಬೇಡಿ. ಅಪ್ಪ ಅಮ್ಮ ಗಿಡ್ಡಗಿದ್ದರೆ ಮಕ್ಕಳೂ ಹಾಗಿರುವುದು ಸಹಜ. ವೈದ್ಯರು ಮುಖ್ಯವಾಗಿ ನೋಡುವುದು ಮಗು ವರ್ಷಕ್ಕೆ ಎಷ್ಟು ಬೆಳೆಯುತ್ತಿದೆ ಎಂಬುದನ್ನು.

ಪಿಟ್ಯುಟರಿಯ ಹಿಂಭಾಗಕ್ಕೆ ಇನ್ನೊಂದು ಕೆಲಸವಿದೆ: ನೀರನ್ನು ಉಳಿಸಿಕೊಳ್ಳಲು ಮೂತ್ರಪಿಂಡಕ್ಕೆ ಹೇಳುವ ಹಾರ್ಮೋನನ್ನು ಬಿಡುವುದು. ಅದು ಕೈಕೊಟ್ಟರೆ ಲೀಟರುಗಟ್ಟಲೆ ಮೂತ್ರ ಹೋಗುತ್ತದೆ, ಎಷ್ಟು ಕುಡಿದರೂ ಬಾಯಾರಿಕೆ ತೀರುವುದಿಲ್ಲ.

ಮತ್ತೆ ಬರ್ನ್ ಕಥೆಗೆ ಬರೋಣ. ತಾನು ಸತ್ತ ಮೇಲೆ ವೈದ್ಯರು ದೇಹವನ್ನು ಕೊಯ್ದು ನೋಡುತ್ತಾರೆಂದು ಅವನಿಗೆ ಭಯವಿತ್ತು. ಸಮುದ್ರದಲ್ಲಿ ಮುಳುಗಿಸಿಬಿಡಿ ಎಂದು ಕೇಳಿಕೊಂಡಿದ್ದ. ಶಸ್ತ್ರವೈದ್ಯ ಜಾನ್ ಹಂಟರ್ ಗುಟ್ಟಾಗಿ ಹಣ ಕೊಟ್ಟು ದೇಹವನ್ನು ಪಡೆದುಕೊಂಡ. ಅಸ್ಥಿಪಂಜರ ಲಂಡನ್ನಿನ ವಸ್ತುಸಂಗ್ರಹಾಲಯ ಸೇರಿತು. ಅದು ಅನ್ಯಾಯ ಎಂದೇ ನಾನು ಹೇಳುತ್ತೇನೆ. ಅದರಿಂದ ವಿಜ್ಞಾನ ಕಲಿತದ್ದು ನಿಜವಾದರೂ, ಆ ಮಾತು ಬದಲಾಗುವುದಿಲ್ಲ. 2023ರಲ್ಲಿ ಸಂಗ್ರಹಾಲಯ ಮತ್ತೆ ತೆರೆದಾಗ ಅಸ್ಥಿಪಂಜರವನ್ನು ಪ್ರದರ್ಶನಕ್ಕೆ ಇಡಲಿಲ್ಲ.

1909ರಲ್ಲಿ ಅಮೆರಿಕದ ವೈದ್ಯ ಹಾರ್ವಿ ಕುಶಿಂಗ್ ಆ ತಲೆಬುರುಡೆಯನ್ನು ಪರೀಕ್ಷಿಸಿದಾಗ ಪಿಟ್ಯುಟರಿ ಕೂರುವ ಗುಂಡಿ ಹಿಗ್ಗಿಹೋಗಿತ್ತು. ಕಾರಣ ಸಿಕ್ಕಿತು. 2011ರಲ್ಲಿ ಇನ್ನೊಂದು ವಿಷಯ ಗೊತ್ತಾಯಿತು: ಬರ್ನ್‌ನ ಹಲ್ಲಿನಿಂದ ತೆಗೆದ ಡಿಎನ್‌ಎಯಲ್ಲಿ ಒಂದು ಜೀನ್ ಬದಲಾಗಿತ್ತು. ಉತ್ತರ ಐರ್ಲೆಂಡಿನ ಅವನ ಸೀಮೆಯ ಕೆಲವು ಕುಟುಂಬಗಳಲ್ಲಿ ಅದೇ ಬದಲಾವಣೆ ಇವತ್ತಿಗೂ ಇದೆ. ಈಗ ಅಲ್ಲಿಯವರಿಗೆ ಜೀನ್ ಪರೀಕ್ಷೆ ಸಾಧ್ಯ. ಬದಲಾದ ಜೀನ್ ಇರುವವರ ಮೇಲೆ ವೈದ್ಯರು ಕಣ್ಣಿಡುತ್ತಾರೆ. ಗಡ್ಡೆ ಕಂಡರೆ ಔಷಧಿ ಇದೆ, ಮೂಗಿನ ಮೂಲಕವೇ ಉಪಕರಣ ಹಾಯಿಸಿ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಯೂ ಇದೆ.