ಕಂಪ್ಯೂಟರ್ ಬರೆಯುವ ದಿನಚರಿ

ಗೋವಾದ ವಾಸ್ಕೊದಲ್ಲಿ ಕಡಲಿಗೆ ಚಾಚಿಕೊಂಡ ಎತ್ತರದ ನೆಲದ ಮೇಲೆ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವಿದೆ. ಅಂಟಾರ್ಕ್ಟಿಕಾದಲ್ಲಿರುವ ನಮ್ಮ ಮೈತ್ರಿ, ಭಾರತಿ ನೆಲೆಗಳನ್ನು ನೋಡಿಕೊಳ್ಳುವುದು ಇದೇ ಕೇಂದ್ರ. ನಮ್ಮ ಮೊದಲ ಅಂಟಾರ್ಕ್ಟಿಕಾ ತಂಡ 1981ರ ಡಿಸೆಂಬರ್‌ನಲ್ಲಿ ಹಡಗು ಹತ್ತಿದ್ದೂ ಗೋವಾದಲ್ಲೇ.

ಮಕ್ಕಳೇ, ಅಷ್ಟು ದೂರದ ಹಿಮದ ನಡುವೆ ಒಂದು ಕಂಪ್ಯೂಟರ್ ಇದೆ, ಅದರಿಂದ ಗೋವಾಕ್ಕೆ ಒಂದು ಸಾಲು ಬಂತು ಎಂದುಕೊಳ್ಳಿ: ‘ಅಕ್ಟೋಬರ್ 11, ಮಧ್ಯಾಹ್ನ 12, ಬ್ಯಾಟರಿ ಕಡಿಮೆ.’ ಯಾವ ವರ್ಷದ ಅಕ್ಟೋಬರ್? ಎಲ್ಲಿಯ ಮಧ್ಯಾಹ್ನ? ಗೋವಾ ಸುಮಾರು 74 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಭಾರತಿ 76ರಲ್ಲಿ. ಹಾಗಾಗಿ ಎರಡೂ ಕಡೆ ಸೂರ್ಯ ದಿನದ ಅತಿ ಎತ್ತರಕ್ಕೆ ಬರುವುದು ಹೆಚ್ಚುಕಡಿಮೆ ಒಟ್ಟಿಗೇ. ಮೈತ್ರಿ ಇರುವುದು 12 ಡಿಗ್ರಿಯ ಹತ್ತಿರ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಅಲ್ಲಿ ಸೂರ್ಯ ದಿನದ ಅತಿ ಎತ್ತರಕ್ಕೆ ಬರುವಾಗ ಗೋವಾದಲ್ಲಿ ಮಧ್ಯಾಹ್ನವಾಗಿ ನಾಲ್ಕು ಗಂಟೆ ಕಳೆದಿರುತ್ತದೆ!

ಕಂಪ್ಯೂಟರ್‌ಗಳು ತಮ್ಮಲ್ಲಿ ನಡೆದದ್ದನ್ನೆಲ್ಲ ಹೀಗೆ ಸಾಲುಸಾಲಾಗಿ ಬರೆದಿಡುತ್ತವೆ. ಅದಕ್ಕೆ ಲಾಗ್ ಎನ್ನುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಎರಿಕ್ ಆಲ್ಮನ್ ಇದಕ್ಕಾಗಿ ‘ಸಿಸ್‌ಲಾಗ್’ ರೂಪಿಸಿದರು. ಅದು ಎಲ್ಲೆಡೆ ಹಬ್ಬಿತು, ಆದರೆ ಒಬ್ಬೊಬ್ಬರೂ ಒಂದೊಂದು ರೀತಿ ಬರೆದರು. 2001ರಲ್ಲಿ ಅದರ ರೂಢಿಯನ್ನು ದಾಖಲಿಸಿದಾಗಲೂ ದಿನಾಂಕದಲ್ಲಿ ವರ್ಷವೇ ಇರಲಿಲ್ಲ. 2009ರಲ್ಲಿ ರೈನರ್ ಗೆರ್‌ಹಾರ್ಡ್ಸ್ ಬರೆದ ಹೊಸ ನಿಯಮದಲ್ಲಿ ವರ್ಷವೂ ಬಂತು, ಲಂಡನ್ ಬಳಿಯ ಗ್ರೀನಿಚ್ ಸಮಯಕ್ಕಿಂತ ಎಷ್ಟು ಹಿಂದೆ ಮುಂದೆ ಎಂಬುದೂ ಬಂತು. ನಮ್ಮ ದೇಶದ ಗಡಿಯಾರಕ್ಕೆ ಅದು +05:30.

ಇನ್ನು ಉಳಿದ ವಿವರಗಳು. ಯಾವ ಯಂತ್ರ, ಎಷ್ಟು ಶಾಖ ಎಂಬಂಥ ಮಾಹಿತಿಯೂ ಸುದ್ದಿಯ ಜೊತೆ ಬರಬೇಕು. ಅದನ್ನು ಬರೆಯುವ ಬಗೆ ಹಲವು. ಎಕ್ಸ್‌ಎಂಎಲ್ ಎಂಬ ಬಗೆಯಲ್ಲಿ ಸಾಮಾನ್ಯವಾಗಿ ಪ್ರತಿ ವಿವರದ ಹಿಂದೆಯೂ ಮುಂದೆಯೂ ಅದರ ಹೆಸರು ಬರೆಯುತ್ತಾರೆ, ಸಾಲು ಉದ್ದವಾಗುತ್ತದೆ. ಹೊಸ ನಿಯಮ ಆರಿಸಿಕೊಂಡದ್ದು ಚೌಕ ಆವರಣದ ಚಿಕ್ಕ ಬಗೆಯನ್ನು. ಅದು ಹೆಚ್ಚುಕಡಿಮೆ ಹೀಗಿರುತ್ತದೆ:

[ಹವೆ ನೆಲೆ="ಮೈತ್ರಿ" ತಾಪ="-18"]

ಕಣ್ಣಿಗೂ ಓದಲು ಬರುತ್ತದೆ, ಯಂತ್ರಕ್ಕೂ ಬಿಡಿಸಲು ಸುಲಭ. ನನ್ನ ಮಟ್ಟಿಗೆ ಇದು ಜಾಣ ಆಯ್ಕೆ. ವಿವರದ ಒಳಗೇ ‘]’ ಬಂದುಬಿಟ್ಟರೆ? ಆವರಣ ಅಲ್ಲಿಗೇ ಮುಗಿಯಿತೆಂದು ಯಂತ್ರ ತಿಳಿದೀತು! ಅದಕ್ಕೇ ಅದರ ಹಿಂದೆ ‘\’ ಎಂಬ ಓರೆಗೆರೆ ಹಾಕಬೇಕು ಎಂದು ನಿಯಮವಿದೆ.

ಸಾಲಿನ ಮೊದಲಲ್ಲಿ ಒಂದು ಸಂಖ್ಯೆಯೂ ಇರುತ್ತದೆ, 165 ಎಂದುಕೊಳ್ಳಿ. ಅದನ್ನು 8ರಿಂದ ಭಾಗಿಸಿ. ಭಾಗಲಬ್ಧ 20 ಸುದ್ದಿ ಹೊರಟ ವಿಭಾಗವನ್ನು ತಿಳಿಸುತ್ತದೆ, ಶೇಷ 5 ಅದು ಎಷ್ಟು ತುರ್ತು ಎಂಬುದನ್ನು. 0 ಅಂದರೆ ಅತಿ ತುರ್ತು, 7 ಅಂದರೆ ನಿಧಾನವಾಗಿ ನೋಡಿದರೂ ಆದೀತು. ಹಾಗಾದರೆ 34 ಎಂದು ಬಂದರೆ ಎಷ್ಟು ತುರ್ತು? ಲೆಕ್ಕ ಹಾಕಿ ನೋಡಿ.