ಮನಸ್ಸಿನ ಬೇನೆ: ಕೋಟದಲ್ಲಿ ಕಂಡದ್ದು
(ಕುಂದಾಣದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ದ್ರಾಕ್ಷಿಯ ಬೂದಿರೋಗ, ರೇಷ್ಮೆ ಹುಳುಮನೆಯ ಚೊಕ್ಕಟ, ಇಂಥವನ್ನು ಹೇಳಿಕೊಂಡು ತಿರುಗುವವನು ಇಂದು ಮನಸ್ಸಿನ ಬೇನೆಯ ಮಾತೆತ್ತಿದ್ದಾನಲ್ಲ ಎಂದು ತಮಗೆ ಅನ್ನಿಸಬಹುದು. ನಾನು ವ್ಯವಸಾಯದ ಡಿಪ್ಲೊಮಾ ಪಡೆದವನು, ವೈದ್ಯನಲ್ಲ. ಆದರೂ ಹೇಳಬೇಕಾಗಿದೆ. ಕಾರಣವನ್ನು ಆಮೇಲೆ ಅರಿಕೆ ಮಾಡುತ್ತೇನೆ.

ಕರಾವಳಿಯಲ್ಲಿ ಕೋಟ ಎಂಬ ಊರಿದೆ. ಶಿವರಾಮ ಕಾರಂತರ ಹುಟ್ಟೂರು, ಈಗ ಉಡುಪಿ ಜಿಲ್ಲೆಗೆ ಸೇರಿದೆ. ಅಲ್ಲಿ ಡಾಕ್ಟರ್ ಆರ್. ಎಲ್. ಕಪೂರ್ ಎಂಬ ಮನೋವೈದ್ಯರು ಮನೆಮನೆಗೂ ಹೋಗಿ ಜನರ ಕಷ್ಟ ಕೇಳುವ ದೊಡ್ಡ ಕೆಲಸ ಕೈಗೊಂಡರು. ನಿದ್ದೆ ಬರುತ್ತದೆಯೇ, ಎದೆ ಹೊಡೆದುಕೊಳ್ಳುತ್ತದೆಯೇ, ಯಾರೂ ಇಲ್ಲದಾಗ ಮಾತು ಕೇಳಿಸುತ್ತದೆಯೇ ಎಂದು ಹಳ್ಳಿಯವರಿಗೆ ತಿಳಿಯುವಂತೆ ಕೇಳಲು ಒಂದು ಪ್ರಶ್ನಾವಳಿಯನ್ನೇ ಸಿದ್ಧಪಡಿಸಿದರು. ಅವರೂ ಬ್ರಿಟನ್ನಿನ ಕಾರ್‌ಸ್ಟೇರ್ಸ್ ಎಂಬ ಮನೋವೈದ್ಯರೂ ಕೂಡಿ ಬರೆದ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ 1976ರಲ್ಲಿ ಹೊರಬಂತು.

ಹಳ್ಳಿಯಲ್ಲಿ ಮನಸ್ಸಿಗೆ ನೆಮ್ಮದಿ, ಚಿಂತೆಯೆಲ್ಲ ಪಟ್ಟಣದವರಿಗೆ ಎಂದು ಮಾತನಾಡುವವರು ಈ ಪುಸ್ತಕ ನೋಡಬೇಕು. ಕೋಟದಲ್ಲಿ ಬೇನೆ ಬೇಕಾದಷ್ಟಿತ್ತು. ಜನ ಸುಮ್ಮನೆ ಕುಳಿತಿರಲಿಲ್ಲ. ನಾಟಿ ವೈದ್ಯರು, ಮಂತ್ರವಾದಿಗಳು, ದೈವ ಮೈಮೇಲೆ ಬರುವ ಪಾತ್ರಿಗಳು, ಡಾಕ್ಟರರು ಎಲ್ಲರ ಬಳಿಯೂ ಹೋಗುತ್ತಿದ್ದರು. ಓದಿದವರು ಡಾಕ್ಟರಿಗೆ, ಓದದವರು ಮಂತ್ರವಾದಿಗೆ ಎಂಬ ನಮ್ಮ ಸುಲಭದ ಲೆಕ್ಕ ಅಲ್ಲಿ ನಿಲ್ಲಲಿಲ್ಲ. ಬಹಳ ಮಂದಿ ಎರಡು ಕಡೆಗೂ ಹೋಗುತ್ತಿದ್ದರು. ಹಳ್ಳಿಗೆ ಹೊಸ ವೈದ್ಯವನ್ನು ತರುವವರು ಇದನ್ನು ಮರೆಯಬಾರದೆಂದು ಕಪೂರರು 1975ರ ಒಂದು ಲೇಖನದಲ್ಲಿಯೇ ಬರೆದಿದ್ದರು. ಜನರನ್ನು ಮೂಢರೆಂದು ಹೀಯಾಳಿಸದೆ ಬರೆದ ಈ ಮಾತು ನನಗೆ ಬಹಳ ಹಿಡಿಸಿತು. ನಮ್ಮಂಥ ನೌಕರರಿಗೆ ಆ ಚಪಲ ಹೆಚ್ಚು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಆ ದಶಕದಲ್ಲಿಯೇ ಆನೇಕಲ್ ಕಡೆಯ ಸಕಲವಾರದಲ್ಲಿ ಹಳ್ಳಿಗಳಿಗೆಂದು ಕೇಂದ್ರ ತೆರೆಯಿತು. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಈ ಕೆಲಸ ಕಲಿಸಬಹುದೆಂದು ಅಲ್ಲಿ ತೋರಿಸಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ನಡೆಸಿ ನೋಡಿ, 1996ರಿಂದ ದೇಶದ ಬೇರೆ ಜಿಲ್ಲೆಗಳಿಗೂ ಹಬ್ಬಿಸಿದರು.

ಇನ್ನು ನನ್ನ ಕಾರಣ. ನನ್ನ ಚಿಕ್ಕಪ್ಪನವರು ಹಿಪ್ಪುನೇರಳೆ ತೋಟವನ್ನು ಕಣ್ಣಿನಂತೆ ನೋಡಿಕೊಂಡವರು. ಒಂದು ವರ್ಷ ತೋಟಕ್ಕೆ ಹೋಗುವುದನ್ನೇ ಬಿಟ್ಟರು. ಗೋಡೆಯ ಆಚೆ ಯಾರೋ ಬಯ್ಯುತ್ತಿದ್ದಾರೆಂದು ರಾತ್ರಿಯೆಲ್ಲ ಎಚ್ಚರವಾಗಿರುತ್ತಿದ್ದರು. ತಾಯತ ಕಟ್ಟಿಸಿದೆವು, ಹರಕೆ ಹೊತ್ತೆವು, ಎರಡು ವರ್ಷ ಕಳೆಯಿತು. ಆಮೇಲೆ ಆಸ್ಪತ್ರೆಯ ಮಾತ್ರೆಯಿಂದ ನಿದ್ದೆ ಬಂತು, ಆ ಮಾತೂ ನಿಂತಿತು, ಮತ್ತೆ ಸೊಪ್ಪು ಕೊಯ್ಯಲು ಹೊರಟರು. ಆಗ ಅವರಿಗೆ, “ಗುಣವಾಯಿತಲ್ಲ ಚಿಕ್ಕಪ್ಪ, ಇನ್ನೇಕೆ ಮಾತ್ರೆ?” ಎಂದವನು ಮಂತ್ರವಾದಿಯಲ್ಲ, ನಾನು. ಕೆಲವು ತಿಂಗಳಿಗೆ ಬೇನೆ ಮರುಕಳಿಸಿತು. ಈ ಬಾರಿ ಹಗ್ಗದಿಂದ ಕಟ್ಟುವ ತನಕ ಹೋಯಿತು. ಆ ಗಂಟು ಹಾಕಿದ ಕೈಗಳಲ್ಲಿ ನನ್ನದೂ ಒಂದು.

ಆದ್ದರಿಂದ ದೇವಸ್ಥಾನಕ್ಕೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೋಗುವಾಗ ಮಾತ್ರೆಯೂ ಜೊತೆಗಿರಲಿ. ಡಾಕ್ಟರು ಹೇಳುವ ತನಕ ನಿಲ್ಲಿಸಬೇಡಿ. ಕೈಕಾಲು ಬಿಗಿಯುವುದು, ತೂಕಡಿಕೆ ಇದ್ದರೆ ಅವರಿಗೇ ತಿಳಿಸಿ, ಬದಲಿಸಿ ಕೊಡುತ್ತಾರೆ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ನಿಷೇಧಿಸಿದೆ. ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ಅಥವಾ ದೇವನಹಳ್ಳಿಯ ಸರ್ಕಾರಿ ಆಸ್ಪತ್ರೆಗೆ ಹೋಗಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿಯೂ ಇದೆ. ಸಂಖ್ಯೆ 14416, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಜೀವವೇ ಬೇಡವೆಂದು ಯಾರಾದರೂ ಅಂದರೆ ತಡಮಾಡದೆ ಕರೆಮಾಡಿ, ಅವರನ್ನು ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿರುವ ಕೀಟನಾಶಕವನ್ನು ಬೀಗದೊಳಗಿಡಿ.

ಚಿಕ್ಕಪ್ಪನವರು ಈಗ ಮತ್ತೆ ತೋಟಕ್ಕೆ ಹೋಗುತ್ತಿದ್ದಾರೆ. ಮಾತ್ರೆಯ ಡಬ್ಬಿ ಚಿಕ್ಕಮ್ಮನ ಬಳಿ ಇರುತ್ತದೆ, ನನ್ನ ಸಲಹೆಯನ್ನು ಯಾರೂ ಕೇಳುವುದಿಲ್ಲ.

ಸಭೆ ಮುಗಿದ ಮೇಲೆ ಅರಳೀಕಟ್ಟೆಯ ಬಳಿ ಇರುತ್ತೇನೆ. ಎಲ್ಲರೆದುರು ಹೇಳಲಾಗದವರು ಅಲ್ಲಿಗೆ ಬಂದು ಹೇಳಬಹುದು.